ಬಂದೂಕು ಸುಮ್ಮನಾದ ಮೇಲೆ

1986ರ ಫೆಬ್ರವರಿ 9ರ ರಾತ್ರಿ. ಫಿಲಿಪೀನ್ಸಿನ ರಾಜಧಾನಿ ಮನಿಲಾದಲ್ಲಿ ಅಧ್ಯಕ್ಷ ಚುನಾವಣೆಯ ಮತ ಎಣಿಕೆ ನಡೆದಿತ್ತು. ಚುನಾವಣಾ ಆಯೋಗದ ಕಂಪ್ಯೂಟರುಗಳ ಮುಂದೆ ಕೂತಿದ್ದ ಸಿಬ್ಬಂದಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾವು ತುಂಬುತ್ತಿದ್ದ ಅಂಕಿಗಳಿಗೂ ಸಭಾಂಗಣದ ಫಲಕದ ಮೇಲೆ ಮೂಡುತ್ತಿದ್ದ ಅಂಕಿಗಳಿಗೂ ತಾಳೆಯಾಗುತ್ತಿರಲಿಲ್ಲ. ಮೂವತ್ತು ಚಿಲ್ಲರೆ ಮಂದಿ ಎದ್ದು, ದೇಶವಿದೇಶದ ಪತ್ರಕರ್ತರು ನೋಡುತ್ತಿದ್ದಂತೆ ಬಾಗಿಲು ದಾಟಿ ಹೊರಟರು. ಅಲ್ಲಿಂದ ಸೀದಾ ಬಾಕ್ಲರಾನ್ ಚರ್ಚಿಗೆ ಹೋಗಿ ಆಶ್ರಯ ಪಡೆದರು. ಅವರು ಯಾವ ಪಕ್ಷದ ಕಾರ್ಯಕರ್ತರೂ ಅಲ್ಲ. ತಿಂಗಳ ಸಂಬಳಕ್ಕೆ ದುಡಿಯುವ ನೌಕರರು. ಇಪ್ಪತ್ತು ವರ್ಷ ಆಳಿದ್ದ ಫರ್ಡಿನಾಂಡ್ ಮಾರ್ಕೋಸ್ ಅದಾದ ಹದಿನಾರನೆಯ ದಿನಕ್ಕೆ ದೇಶ ಬಿಟ್ಟು ಓಡಬೇಕಾಯಿತು.

ಆಯುಧ ಹಿಡಿಯದ ಜನ ಸರ್ಕಾರ ಬದಲಿಸಿದ ಕತೆಯೆಂದರೆ ನಮ್ಮ ಕಣ್ಣ ಮುಂದೆ ಬರುವುದು ಚೌಕ ತುಂಬಿದ ಜನಸಾಗರ. ಆ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಕತೆ. ಲಕ್ಷಗಟ್ಟಲೆ ಜನ ಸೇರಿಯೂ ಏನೂ ಆಗದ ದೇಶಗಳಿವೆ. ಸರ್ಕಾರ ಬೀಳುವುದು ಅದರ ಆಜ್ಞೆಯನ್ನು ನಡೆಸಿಕೊಡುವ ಕೈಗಳು ಹಿಂದೆ ಸರಿದಾಗ. ಗುಮಾಸ್ತ ಕಡತಕ್ಕೆ ಸಹಿ ಹಾಕುವುದಿಲ್ಲ, ರೈಲು ಓಡಿಸುವವನು ಓಡಿಸುವುದಿಲ್ಲ, ಕೊನೆಗೆ ಸಿಪಾಯಿ ಬಂದೂಕಿನ ಕುದುರೆ ಎಳೆಯುವುದಿಲ್ಲ. ಗಾಂಧೀಜಿ 1909ರಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗಲೇ ಈ ಮಾತಿಗೆ ಬುನಾದಿ ಹಾಕಿದ್ದರು. ಇಂಗ್ಲಿಷರು ಭಾರತವನ್ನು ಗೆದ್ದುಕೊಂಡಿಲ್ಲ, ನಾವೇ ಕೊಟ್ಟಿದ್ದೇವೆ, ನಮ್ಮ ಸಹಕಾರದಿಂದಲೇ ಅವರು ಇಲ್ಲಿ ನಿಂತಿದ್ದಾರೆ ಎಂಬುದು ಅವರ ವಾದ. ಗಾಂಧಿಯನ್ನು ಓದಿಯೇ ಬೆಳೆದ ಅಮೆರಿಕದ ವಿದ್ವಾಂಸ ಜೀನ್ ಶಾರ್ಪ್ 1973ರಲ್ಲಿ ಇದನ್ನು ಶಾಸ್ತ್ರದಂತೆ ಕಟ್ಟಿ, ಅಹಿಂಸಾ ಹೋರಾಟದ 198 ವಿಧಾನಗಳನ್ನು ಪಟ್ಟಿ ಮಾಡಿದರು.

ಇಷ್ಟರ ಮಟ್ಟಿಗೆ ಈಗ ಎಲ್ಲರೂ ಒಪ್ಪುತ್ತಾರೆ. ನನಗೆ ಹೇಳಬೇಕಾಗಿರುವುದು ಇದರ ಮುಂದಿನ ಮಾತು. ಬಂದೂಕು ಸುಮ್ಮನಾದದ್ದು ಏಕೆ, ಯಾರ ಮಾತಿಗೆ, ಯಾವ ಕರಾರಿನ ಮೇಲೆ? ಗೆದ್ದ ಮರುದಿನದಿಂದ ಆ ದೇಶದ ಹಣೆಬರಹ ಬರೆಯುವುದು ಈ ಪ್ರಶ್ನೆಯ ಉತ್ತರವೇ. ಕಳೆದ ಎಂಬತ್ತು ವರ್ಷಗಳ ಜನಾಂದೋಲನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ಮತ್ತೆಮತ್ತೆ ಎದ್ದು ಕಾಣುತ್ತದೆ.

ಫಿಲಿಪೀನ್ಸಿನಿಂದಲೇ ಹೊರಡೋಣ, ಅಲ್ಲಿ ಪ್ರತಿ ಹೆಜ್ಜೆಯೂ ದಾಖಲಾಗಿದೆ. 1965ರಲ್ಲಿ ಚುನಾಯಿತರಾಗಿ ಬಂದ ಮಾರ್ಕೋಸ್ 1972ರಲ್ಲಿ ಸೇನಾ ಕಾನೂನು ಹೇರಿದರು. ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಅಮೆರಿಕದಿಂದ ಮರಳಿದಾಗ, 1983ರ ಆಗಸ್ಟ್ 21ರಂದು, ಮನಿಲಾ ವಿಮಾನ ನಿಲ್ದಾಣದಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಜನ ಸಿಡಿದೆದ್ದದ್ದು ಅಂದೇ ಹೌದು. ಆದರೆ ಸರ್ಕಾರ ಬೀಳಲು ಇನ್ನೂ ಎರಡೂವರೆ ವರ್ಷ ಹಿಡಿಯಿತು, ಮತ್ತು ಆ ಎರಡೂವರೆ ವರ್ಷಗಳನ್ನು ಯಾರೂ ಸುಮ್ಮನೆ ಕಳೆಯಲಿಲ್ಲ. 1984ರಲ್ಲಿ ಯುರೋಪಿನಿಂದ ಬಂದ ಗಾಸ್-ಮಾಯರ್ ದಂಪತಿ ಪಾದ್ರಿಗಳಿಗೆ, ಸನ್ಯಾಸಿನಿಯರಿಗೆ, ವಿದ್ಯಾರ್ಥಿಗಳಿಗೆ, ಕಾರ್ಮಿಕರಿಗೆ ಅಹಿಂಸಾ ಪ್ರತಿರೋಧದ ತರಬೇತಿ ಶಿಬಿರಗಳನ್ನು ನಡೆಸಿದರು. ಮತ ಎಣಿಕೆಯನ್ನು ಸ್ವತಂತ್ರವಾಗಿ ಲೆಕ್ಕವಿಡುವ ‘ನಾಮ್‌ಫ್ರೆಲ್’ ಎಂಬ ನಾಗರಿಕ ಸಂಘಟನೆ ದೇಶದುದ್ದಗಲಕ್ಕೂ ಸ್ವಯಂಸೇವಕರನ್ನು ನಿಲ್ಲಿಸಿತು. ಹೀಗಾಗಿ 1986ರ ಫೆಬ್ರವರಿ 7ರ ಚುನಾವಣೆಯಲ್ಲಿ ಮೋಸ ನಡೆದಾಗ ಅದನ್ನು ಅಂಕಿಗಳಲ್ಲಿ ತೋರಿಸಬಲ್ಲವರು ಸರ್ಕಾರದ ಹೊರಗೂ ಇದ್ದರು, ಒಳಗೂ ಇದ್ದರು.

ಅಭ್ಯರ್ಥಿ ಕೊರಾಜನ್ ಅಕಿನೊ, ಹತ್ಯೆಯಾದ ನಾಯಕನ ಪತ್ನಿ, ಫೆಬ್ರವರಿ 16ರಂದು ಲಕ್ಷಾಂತರ ಜನರ ಮುಂದೆ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಮಾರ್ಕೋಸ್ ಆಪ್ತರ ಬ್ಯಾಂಕುಗಳಲ್ಲಿ ಹಣ ಇಡಬೇಡಿ, ಅವರ ಪತ್ರಿಕೆ ಕೊಳ್ಳಬೇಡಿ, ಅವರ ಬಿಯರ್ ಕುಡಿಯಬೇಡಿ. ಬ್ಯಾಂಕುಗಳ ಮುಂದೆ ಠೇವಣಿ ಹಿಂಪಡೆಯುವವರು ಸಾಲುಗಟ್ಟಿದರು.

ಆಮೇಲೆ ಬಂದದ್ದು ಎಲ್ಲರೂ ಬಲ್ಲ ನಾಲ್ಕು ದಿನಗಳು. ರಕ್ಷಣಾ ಸಚಿವ ಹುವಾನ್ ಪೊನ್ಸೆ ಎನ್ರಿಲೆ ಮತ್ತು ಕೆಲವು ಅಧಿಕಾರಿಗಳು ಗುಟ್ಟಾಗಿ ಸೇನಾ ದಂಗೆಗೆ ಸಿದ್ಧತೆ ನಡೆಸಿದ್ದರು. ಅದು ಬಯಲಾಯಿತು. ಫೆಬ್ರವರಿ 22ರಂದು ಎನ್ರಿಲೆ, ಸೇನೆಯ ಉಪ ಮುಖ್ಯಸ್ಥ ಫಿಡೆಲ್ ರಾಮೋಸ್ ಜತೆಗೂಡಿ, ಎಡ್ಸಾ ಹೆದ್ದಾರಿಯ ಎರಡು ಬದಿಯ ಸೇನಾ ಶಿಬಿರಗಳಲ್ಲಿ ಕೆಲವೇ ನೂರು ಸೈನಿಕರೊಂದಿಗೆ ಸೇರಿಕೊಂಡರು. ಮಾರ್ಕೋಸ್ ಸೇನೆ ಬಂದಿದ್ದರೆ ಕೆಲವೇ ಗಂಟೆಯ ಮಾತು. ಆ ರಾತ್ರಿ ಕಾರ್ಡಿನಲ್ ಹೈಮೆ ಸಿನ್ ‘ರೇಡಿಯೊ ವೆರಿಟಾಸ್’ ಮೂಲಕ ಜನರಿಗೆ ಮನವಿ ಮಾಡಿದರು: ಹೆದ್ದಾರಿಗೆ ಬನ್ನಿ, ಊಟ ತನ್ನಿ, ಇವರನ್ನು ಕಾಪಾಡಿ. ಜನ ಬಂದರು. ಅನ್ನದ ಪಾತ್ರೆ, ಮಕ್ಕಳು, ಜಪಮಾಲೆ ಎಲ್ಲದರ ಸಮೇತ ಬಂದರು. ಮರುದಿನ ಮಧ್ಯಾಹ್ನ ಅರ್ತೆಮಿಯೊ ತಾದಿಯಾರ್ ಎಂಬ ಸೇನಾಧಿಕಾರಿಯ ಟ್ಯಾಂಕುಗಳು ಓರ್ತಿಗಾಸ್ ಅವೆನ್ಯೂ ಬಳಿ ಬಂದಾಗ ಸನ್ಯಾಸಿನಿಯರು ಅವುಗಳ ಮುಂದೆ ಮೊಣಕಾಲೂರಿ ಕೂತು ಪ್ರಾರ್ಥನೆ ಹೇಳತೊಡಗಿದರು. ಟ್ಯಾಂಕುಗಳು ನಿಂತವು. ಎಷ್ಟೋ ಹೊತ್ತು ವಾದ ನಡೆದು ಕೊನೆಗೆ ಹಿಂತಿರುಗಿದವು.

ಇನ್ನೊಂದು ಘಟನೆ ಅಷ್ಟಾಗಿ ಪ್ರಸಿದ್ಧವಲ್ಲ, ನನಗೆ ಮಾತ್ರ ಅದೇ ಮುಖ್ಯವೆನಿಸುತ್ತದೆ. ಫೆಬ್ರವರಿ 24ರ ಬೆಳಗ್ಗೆ ಕರ್ನಲ್ ಬ್ರೌಲಿಯೊ ಬಾಲ್ಬಾಸ್ ಎಂಬ ಅಧಿಕಾರಿಯ ಫಿರಂಗಿಗಳು ಬಂಡಾಯಗಾರರ ಶಿಬಿರದತ್ತ ಮುಖ ಮಾಡಿ ನಿಂತಿದ್ದವು. ನಡುವೆ ಮತ್ತು ಸುತ್ತ ನಿರಾಯುಧ ಜನ. ಮೇಲಿನಿಂದ ಗುಂಡು ಹಾರಿಸಲು ಆಜ್ಞೆ ಬಂತು. ಬಾಲ್ಬಾಸ್ ಆಗುವುದಿಲ್ಲ ಎನ್ನಲಿಲ್ಲ. ಫಿರಂಗಿಗಳನ್ನು ಇನ್ನೂ ಸರಿಪಡಿಸುತ್ತಿದ್ದೇವೆ, ನಕಾಶೆ ಹುಡುಕುತ್ತಿದ್ದೇವೆ ಎಂದರು. ಆಜ್ಞೆ ಮತ್ತೆ ಬಂತು, ಉತ್ತರ ಅದೇ. ಅಹಿಂಸೆಯ ಗೆಲುವು ಹೆಚ್ಚಿನ ಕಡೆ ಬರುವುದು ಹೀಗೆ. ಯಾರೋ ಒಬ್ಬ ಅಧಿಕಾರಿ ಎದೆ ತಟ್ಟಿ ಬಂಡೇಳುವುದು ಅಪರೂಪ. ಕಾಲಹರಣ ಮಾಡುವುದು, ಕೇಳಿಸಲಿಲ್ಲ ಎನ್ನುವುದು, ನಾಳೆಗೆ ದೂಡುವುದು ಸಾಮಾನ್ಯ. ಆ ಕಾಲಹರಣಕ್ಕೆ ಅವನಿಗೆ ಒಂದು ನೆಪ ಬೇಕು, ಮನಸ್ಸಿನಲ್ಲಿ ಒಂದು ಅಳುಕು ಬೇಕು. ಎರಡನ್ನೂ ಒದಗಿಸಿದ್ದು ಎದುರು ನಿಂತ ಹೆಂಗಸರು ಮಕ್ಕಳು. ಅವರ ಕೈಯಲ್ಲಿ ಕಲ್ಲಿದ್ದಿದ್ದರೆ ಆ ಅಳುಕು ಅಷ್ಟರಲ್ಲೇ ಕೋಪವಾಗುತ್ತಿತ್ತು. ಅದೇ ಬೆಳಗ್ಗೆ ಕರ್ನಲ್ ಅಂತೋನಿಯೊ ಸೊತೆಲೊ ಅವರ ಹೆಲಿಕಾಪ್ಟರುಗಳು ದಾಳಿಗೆಂದು ಹೊರಟು ಬಂಡಾಯಗಾರರ ಶಿಬಿರದೊಳಗೇ ಇಳಿದವು. 25ರಂದು ಒಂದೇ ದೇಶದಲ್ಲಿ ಇಬ್ಬರು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ರಾತ್ರಿ ಮಾರ್ಕೋಸ್ ಅಮೆರಿಕದ ಹೆಲಿಕಾಪ್ಟರ್ ಹತ್ತಿದರು.

ಇಲ್ಲಿಗೆ ಪರದೆ ಎಳೆದರೆ ಸುಂದರ ಕತೆ. ಆದರೆ ಎನ್ರಿಲೆ ಮತ್ತು ಅವರ ಜತೆಗಿದ್ದ ಅಧಿಕಾರಿಗಳು ತಾವೇ ಕೊರಾಜನ್ ಅಕಿನೊ ಅವರನ್ನು ಕುರ್ಚಿಯಲ್ಲಿ ಕೂರಿಸಿದವರು ಎಂದು ತಿಳಿದಿದ್ದರು. ಮುಂದಿನ ನಾಲ್ಕು ವರ್ಷಗಳಲ್ಲಿ ಅಕಿನೊ ಸರ್ಕಾರದ ಮೇಲೆ ಒಂದಾದ ಮೇಲೊಂದು ಸೇನಾ ದಂಗೆಯ ಯತ್ನಗಳು ನಡೆದವು. 1989ರ ಡಿಸೆಂಬರಿನದು ಸರ್ಕಾರವನ್ನು ಉರುಳಿಸುವ ಹಂತಕ್ಕೇ ಬಂದಿತ್ತು. 1987ರ ಹೊಸ ಸಂವಿಧಾನ ಉಳಿಯಿತು, ಚುನಾವಣೆಗಳು ಉಳಿದವು, ಅದು ಸಣ್ಣದಲ್ಲ. ಆದರೆ ಜಮೀನು, ಸಂಪತ್ತು ಹಿಡಿದ ಕೆಲವೇ ಮನೆತನಗಳ ಹಿಡಿತ ಸಡಿಲಲಿಲ್ಲ. 2022ರಲ್ಲಿ ಮಾರ್ಕೋಸ್ ಅವರ ಮಗನೇ ಭಾರೀ ಬಹುಮತದಿಂದ ಅಧ್ಯಕ್ಷರಾದರು.

ಮನಿಲಾದ ಆ ನಾಲ್ಕು ದಿನಗಳಿಗೂ ನಲವತ್ತೆರಡು ವರ್ಷ ಹಿಂದಿನ ಎಲ್ ಸಾಲ್ವಡಾರ್‌ನದು ಇನ್ನೂ ಶುದ್ಧವಾದ ಉದಾಹರಣೆ. ಸರ್ವಾಧಿಕಾರಿ ಹೆರ್ನಾಂಡೆಸ್ ಮಾರ್ಟಿನೆಸ್ 1932ರಲ್ಲಿ ಸಾವಿರಾರು ರೈತರನ್ನು ಕೊಲ್ಲಿಸಿದಾತ. 1944ರ ಏಪ್ರಿಲ್‌ನಲ್ಲಿ ಕೆಲವು ಅಧಿಕಾರಿಗಳು ಆಯುಧ ಹಿಡಿದು ಎದ್ದಾಗ ಅವರನ್ನೂ ಹೊಸಕಿ ಹಾಕಿದ. ಆಗ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಮೆರವಣಿಗೆಯಿಲ್ಲ, ಸಭೆಯಿಲ್ಲ, ಗುಂಡಿಗೆ ಗುರಿಯಾಗುವಂತೆ ಎಲ್ಲೂ ಸೇರುವುದಿಲ್ಲ. ಸುಮ್ಮನೆ ಮನೆಯಲ್ಲಿ ಕೂರುವುದು. ಅಂಗಡಿ, ಬ್ಯಾಂಕು, ಆಸ್ಪತ್ರೆ, ರೈಲು, ಕೊನೆಗೆ ಸರ್ಕಾರಿ ಕಚೇರಿಗಳೂ ನಿಂತವು. ಕೆಲವೇ ದಿನಗಳಲ್ಲಿ, ಮೇ ತಿಂಗಳ ಎರಡನೆಯ ವಾರ ಕಳೆಯುವ ಮೊದಲೇ, ಮಾರ್ಟಿನೆಸ್ ರಾಜೀನಾಮೆ ಕೊಟ್ಟು ದೇಶ ಬಿಟ್ಟ. ಗುಂಡು ಹೊಡೆಯಲು ಸೈನ್ಯ ಸಿದ್ಧವಿತ್ತು, ಎದುರಿಗೆ ಯಾರೂ ಸಿಗಲಿಲ್ಲ. ಆದರೆ ಸೈನ್ಯ ಸೈನ್ಯವಾಗಿಯೇ ಉಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೇನಾಧಿಕಾರಿಗಳು ಮತ್ತೆ ಅಧಿಕಾರ ಕಸಿದುಕೊಂಡರು.

ಸರ್ಬಿಯಾದ ಕತೆಯಲ್ಲಿ ಸಿದ್ಧತೆ ಎಂಬುದರ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. 1998ರಲ್ಲಿ ಬೆಲ್‌ಗ್ರೇಡಿನ ವಿದ್ಯಾರ್ಥಿಗಳು ‘ಒತ್‌ಪೋರ್’ ಎಂಬ ಸಂಘಟನೆ ಕಟ್ಟಿದರು. ಪೊಲೀಸರನ್ನು ಬೈಯಬಾರದು ಎಂಬುದು ಅವರ ಮೊದಲ ಪಾಠಗಳಲ್ಲಿ ಒಂದು. ಇವರೂ ಅಧ್ಯಕ್ಷ ಮಿಲೋಸೆವಿಚ್ ಆಡಳಿತದ ಬಲಿಪಶುಗಳೇ, ಸಂಬಳ ಸಾಲದವರೇ ಎಂಬ ಧಾಟಿಯಲ್ಲೇ ಅವರೊಡನೆ ಮಾತು. ಎರಡು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಯುವಕ ಯುವತಿಯರ ಬಂಧನವಾಯಿತು. ಪ್ರತಿ ಬಂಧನವೂ ಆ ಊರಿನ ಪೊಲೀಸ್ ಠಾಣೆಗೆ ಅಪ್ಪ ಅಮ್ಮ ಅಜ್ಜಿಯರನ್ನು ಎಳೆದು ತಂದಿತು. 2000ದ ಸೆಪ್ಟೆಂಬರ್ 24ರ ಚುನಾವಣೆಯಲ್ಲಿ ಹದಿನೆಂಟು ಪಕ್ಷಗಳು ಒಟ್ಟಾಗಿ ವೊಯಿಸ್ಲಾವ್ ಕೊಸ್ಟುನಿತ್ಸಾ ಅವರನ್ನು ನಿಲ್ಲಿಸಿದವು. ಮಿಲೋಸೆವಿಚ್ ಸೋಲೊಪ್ಪದಿದ್ದಾಗ ಕೊಲುಬಾರಾದ ಕಲ್ಲಿದ್ದಲು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ದೇಶದ ವಿದ್ಯುತ್ತಿನ ದೊಡ್ಡ ಪಾಲು ಅಲ್ಲಿಯ ಕಲ್ಲಿದ್ದಲಿನದು. ಮುಷ್ಕರ ಮುರಿಯಲು ಪೊಲೀಸರು ಬಂದರೆ ಸುತ್ತಲ ಊರುಗಳಿಂದ ಸಾವಿರಾರು ಜನ ಬಂದು ಗಣಿ ತುಂಬಿದರು. ಅಕ್ಟೋಬರ್ 5ರಂದು ಊರೂರಿನಿಂದ ಬೆಲ್‌ಗ್ರೇಡಿಗೆ ಹೊರಟ ಜನರನ್ನು ತಡೆಯಲು ಹೆದ್ದಾರಿಯಲ್ಲಿ ನಿಲ್ಲಿಸಿದ್ದ ಪೊಲೀಸರು ಬದಿಗೆ ಸರಿದರು.

ಆದರೆ ಅಲ್ಲಿಯೂ ಒಂದು ಕರಾರು ಇತ್ತು. ವಿರೋಧ ಪಕ್ಷದ ಮುಖಂಡ ಜೋರಾನ್ ಜಿಂಜಿಚ್, ಮಿಲೋಸೆವಿಚ್‌ನ ವಿಶೇಷ ಕಾರ್ಯಾಚರಣೆ ದಳದ ಕಮಾಂಡರ್ ‘ಲೆಗಿಯಾ’ನನ್ನು ಹಿಂದಿನ ರಾತ್ರಿ ಗುಟ್ಟಾಗಿ ಭೇಟಿಯಾಗಿ ನೀವು ಮಧ್ಯೆ ಬರಬೇಡಿ ಎಂದು ಒಪ್ಪಿಸಿದ್ದರು. ದಳ ಮಧ್ಯೆ ಬರಲಿಲ್ಲ, ರಕ್ತ ಹರಿಯಲಿಲ್ಲ. ಗೆದ್ದ ಮೇಲೆ ಆ ದಳ ಹಾಗೆಯೇ ಉಳಿಯಿತು. 2003ರ ಮಾರ್ಚ್ 12ರಂದು, ಪ್ರಧಾನಿಯಾಗಿದ್ದ ಜಿಂಜಿಚ್ ಅವರನ್ನು ಸರ್ಕಾರಿ ಕಟ್ಟಡದ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಸಂಚು ನಡೆಸಿದ್ದಕ್ಕಾಗಿ ಶಿಕ್ಷೆಯಾದದ್ದು ಇದೇ ಲೆಗಿಯಾನಿಗೆ. ಜಿಂಜಿಚ್ ಮಾಡಿದ್ದು ತಪ್ಪೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಆ ರಾತ್ರಿ ಅವರು ಉಳಿಸಿದ ಜೀವಗಳು ಎಷ್ಟೋ. ಆದರೆ ಬಂದೂಕು ಉಳ್ಳವನ ಉಪಕಾರಕ್ಕೆ ಬಡ್ಡಿ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ನನಗೆ ಗೊತ್ತಿಲ್ಲ.

ಹೀಗೆ ಯಾರ ಉಪಕಾರವೂ ಇಲ್ಲದೆ ಗೆದ್ದ ಉದಾಹರಣೆ ಇದೆಯೇ ಎಂದರೆ, 1989ರ ಅಕ್ಟೋಬರ್ 9ರ ಲೈಪ್‌ಜಿಗ್ ಅದಕ್ಕೆ ಹತ್ತಿರ ಬರುತ್ತದೆ. ಪೂರ್ವ ಜರ್ಮನಿಯ ಈ ನಗರದ ನಿಕೊಲಾಯ್ ಚರ್ಚಿನಲ್ಲಿ ವರ್ಷಗಳಿಂದ ಸೋಮವಾರದ ಶಾಂತಿ ಪ್ರಾರ್ಥನೆ ನಡೆಯುತ್ತಿತ್ತು. ಆ ಸೋಮವಾರ ಗುಂಡು ಹಾರುವುದು ಖಚಿತವೆಂದೇ ಎಲ್ಲರೂ ನಂಬಿದ್ದರು. ಬೀಜಿಂಗಿನ ತಿಯಾನನ್ಮೆನ್ ಹತ್ಯಾಕಾಂಡ ನಡೆದು ಇನ್ನೂ ನಾಲ್ಕು ತಿಂಗಳು. ಆಸ್ಪತ್ರೆಗಳಲ್ಲಿ ಹೆಚ್ಚಿನ ರಕ್ತ ತರಿಸಿ ಇಟ್ಟಿದ್ದರು. ಆದರೂ 70,000 ಜನ ಬೀದಿಗೆ ಬಂದರು. ಕೈಯಲ್ಲಿ ಮೇಣದಬತ್ತಿ. ಮೇಣದಬತ್ತಿಗೆ ಎರಡೂ ಕೈ ಬೇಕು, ಒಂದು ಹಿಡಿಯಲು, ಇನ್ನೊಂದು ಗಾಳಿಗೆ ಆರದಂತೆ ಮರೆ ಮಾಡಲು, ಹೀಗಾಗಿ ಕಲ್ಲಿಗೆ ಕೈ ಉಳಿಯುವುದಿಲ್ಲ ಎಂದು ಆ ಚರ್ಚಿನ ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಆಮೇಲೆ ವಿವರಿಸುತ್ತಿದ್ದರು. ಸಂಗೀತ ನಿರ್ದೇಶಕ ಕುರ್ಟ್ ಮಾಸುರ್ ಸೇರಿದಂತೆ ಆರು ಮಂದಿ ಶಾಂತಿಗಾಗಿ ಮನವಿ ಹೊರಡಿಸಿದರು. ಆ ಆರರಲ್ಲಿ ಮೂವರು ಆಡಳಿತ ಪಕ್ಷದ ಸ್ಥಳೀಯ ಕಾರ್ಯದರ್ಶಿಗಳೇ. ಬರ್ಲಿನ್ನಿನಿಂದ ಸ್ಪಷ್ಟ ಆಜ್ಞೆ ಬರಲಿಲ್ಲ, ಸ್ಥಳೀಯರು ಪಡೆಗಳನ್ನು ಹಿಂದೆ ಸರಿಸಿದರು. ಒಂಬತ್ತು ದಿನಗಳಲ್ಲಿ ಪೂರ್ವ ಜರ್ಮನಿಯ ನಾಯಕ ಹೊನೆಕರ್ ಹುದ್ದೆ ಬಿಟ್ಟರು, ಒಂದು ತಿಂಗಳಿಗೆ ಸರಿಯಾಗಿ ಬರ್ಲಿನ್ ಗೋಡೆ ತೆರೆಯಿತು. ಮಾಸ್ಕೋದ ಗೋರ್ಬಚೆವ್ ಸೈನ್ಯ ಕಳಿಸುವುದಿಲ್ಲ ಎಂಬ ನಂಬಿಕೆ ಹಿಂದಿತ್ತು, ಅದನ್ನು ಮರೆಯುವಂತಿಲ್ಲ. ಆದರೆ ಯಾವ ಸೇನಾಪತಿಯೂ ಮುಂದೆ ಬಂದು ಈ ಗೆಲುವು ನನ್ನದೆಂದು ಪಾಲು ಕೇಳಲಿಲ್ಲ.

ಇಂಥ ಉದಾಹರಣೆಗಳನ್ನೆಲ್ಲ ಲೆಕ್ಕ ಹಾಕಿ ನೋಡಿದವರು ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್. 1900ರಿಂದ 2006ರವರೆಗಿನ 323 ಆಂದೋಲನಗಳನ್ನು ಪರಿಶೀಲಿಸಿ 2011ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಪ್ರಕಾರ ಅಹಿಂಸಾ ಆಂದೋಲನಗಳಲ್ಲಿ ಶೇ. 53 ಗೆದ್ದಿವೆ, ಸಶಸ್ತ್ರ ಆಂದೋಲನಗಳಲ್ಲಿ ಶೇ. 26. ಕಾರಣ ಸರಳ. ಬಂದೂಕು ಹಿಡಿಯಬಲ್ಲವರು ಕೆಲವರು, ಮನೆಯಲ್ಲಿ ಕೂರಬಲ್ಲವರು ಎಲ್ಲರೂ. ಮುದುಕಿಯೂ ಬಸುರಿಯೂ ಸೇರಬಹುದಾದ ಹೋರಾಟಕ್ಕೆ ಹೆಚ್ಚು ಜನ, ಹೆಚ್ಚು ಜನ ಬಂದಷ್ಟೂ ಸಿಪಾಯಿಯ ನೆಂಟರಿಷ್ಟರೂ ಹೆಚ್ಚು. ದೇಶದ ಜನಸಂಖ್ಯೆಯ ಶೇ. 3.5ರಷ್ಟು ಮಂದಿ ಸಕ್ರಿಯವಾಗಿ ತೊಡಗಿದ ಆಂದೋಲನ ಸೋತಿಲ್ಲ ಎಂಬ ಅವರ ಇನ್ನೊಂದು ಮಾತು ಜಗತ್ತಿನಾದ್ಯಂತ ಮಂತ್ರದಂತೆ ಹಬ್ಬಿತು. ಆ ಮಂತ್ರವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಹರೇನಿನಲ್ಲಿ ಅದಕ್ಕಿಂತ ಹೆಚ್ಚು ಜನ ಸೇರಿಯೂ ಸೋತರೆಂದು ಚೆನೊವೆತ್ ಅವರೇ ಆಮೇಲೆ ಬರೆದರು. 2010ರ ಬಳಿಕ ಅಹಿಂಸಾ ಆಂದೋಲನಗಳ ಗೆಲುವು ಶೇ. 34ಕ್ಕೂ ಕೆಳಗಿಳಿದಿದೆ ಎಂದೂ ತೋರಿಸಿದರು. ಸರ್ಕಾರಗಳೂ ಪಾಠ ಕಲಿತಿವೆ. ಫೋನಿನಲ್ಲಿ ಒಂದು ವಾರದಲ್ಲಿ ಸೇರಿಸಿದ ಜನ, ವರ್ಷಗಟ್ಟಲೆ ಒಬ್ಬರನ್ನೊಬ್ಬರು ನಂಬಿ ಕಟ್ಟಿಕೊಂಡ ಸಂಘದಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಬಹರೇನ್ ಸೋತದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಲ್ಲಿಯ ಬಹುಸಂಖ್ಯಾತರು ಶಿಯಾ ಮುಸ್ಲಿಮರು, ಪೊಲೀಸರಲ್ಲಿ ಬಹಳ ಮಂದಿ ಹೊರದೇಶದಿಂದ ನೇಮಿಸಿ ತಂದವರು. 2011ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ಪಡೆಗಳೂ ಸೇತುವೆ ದಾಟಿ ಬಂದವು. ಗುಂಪಿನಲ್ಲಿ ತನ್ನ ತಾಯಿ ಇರಬಹುದೆಂಬ ಅಳುಕು ಆ ಸಿಪಾಯಿಗೆ ಇರಲು ಸಾಧ್ಯವೇ ಇರಲಿಲ್ಲ. 1989ರ ಬೀಜಿಂಗಿನಲ್ಲೂ ಹಾಗೆಯೇ. ಮೇ ತಿಂಗಳಲ್ಲಿ ಮೊದಲು ಬಂದ ಪಡೆಗಳ ಲಾರಿಗಳನ್ನು ಊರಿನ ಜನವೇ ತಡೆದು, ಸೈನಿಕರಿಗೆ ಊಟ ಕೊಟ್ಟು, ಬುದ್ಧಿ ಹೇಳಿ ಹಿಂದೆ ಕಳಿಸಿದರು. 38ನೆಯ ಸೇನಾ ತುಕಡಿಯ ಮುಖ್ಯಸ್ಥ ಷೂ ಚಿನ್‌ಷಿಯಾನ್ ತನ್ನ ಪಡೆಯನ್ನು ಜನರ ಮೇಲೆ ನಡೆಸಲು ಒಪ್ಪಲಿಲ್ಲ. ಜೈಲು ಸೇರಿದರು. ಸರ್ಕಾರ ಅವರ ಜಾಗಕ್ಕೆ ಬೇರೆಯವರನ್ನು ಹಾಕಿ, ದೂರದ ಪ್ರಾಂತಗಳಿಂದ ಪಡೆಗಳನ್ನು ಕರೆಸಿತು. ಜೂನ್ 3ರ ರಾತ್ರಿ ನಡೆದದ್ದು ಎಲ್ಲರಿಗೂ ಗೊತ್ತು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರ ಸೇನಾ ದಂಗೆಯ ಮರುದಿನದಿಂದಲೇ ವೈದ್ಯರು, ಶಿಕ್ಷಕರು, ರೈಲ್ವೆ ನೌಕರರು ಕೆಲಸ ಬಿಟ್ಟು ಹೊರಬಂದರು. ಅಸಹಕಾರವೆಂದರೆ ಹೀಗಿರಬೇಕು ಎನ್ನುವಂತಿತ್ತು. ಆದರೆ ಅಲ್ಲಿಯ ಸೇನೆಗೆ ತನ್ನದೇ ಬ್ಯಾಂಕು, ಕಾರ್ಖಾನೆ, ಆಸ್ಪತ್ರೆ, ಶಾಲೆ ಇವೆ. ಸೈನಿಕರ ಹೆಂಡತಿ ಮಕ್ಕಳು ಸೇನಾ ವಸತಿಯೊಳಗೇ ಇರುತ್ತಾರೆ. ಸಮಾಜದ ಸಹಕಾರವಿಲ್ಲದೆಯೂ ಬದುಕಬಲ್ಲ ಸೇನೆಯ ಮೇಲೆ ಸಮಾಜದ ಅಸಹಕಾರ ತಟ್ಟುವುದು ನಿಧಾನ. ಕೆಲವೇ ತಿಂಗಳಲ್ಲಿ ಯುವಕರು ಕಾಡು ಸೇರಿ ಬಂದೂಕು ಹಿಡಿದರು. ಅವರನ್ನು ದೂಷಿಸುವ ಯೋಗ್ಯತೆ ಸುರಕ್ಷಿತವಾಗಿ ಕೂತು ಬರೆಯುವ ನಮಗಿಲ್ಲ.

2011ರ ಈಜಿಪ್ಟ್ ಇನ್ನೊಂದು ಬಗೆಯ ಸೋಲು, ಗೆದ್ದು ಸೋತದ್ದು. ತಹ್ರೀರ್ ಚೌಕದ ಹದಿನೆಂಟು ದಿನಗಳಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಸೇನೆ ಟ್ಯಾಂಕುಗಳನ್ನು ಚೌಕಕ್ಕೆ ತಂದು ನಿಲ್ಲಿಸಿತೇ ಹೊರತು ಜನರ ಮೇಲೆ ನುಗ್ಗಿಸಲಿಲ್ಲ. ಜನ ಟ್ಯಾಂಕ್ ಹತ್ತಿ ಸೈನಿಕರನ್ನು ತಬ್ಬಿಕೊಂಡರು. ಫೆಬ್ರವರಿ 11ರಂದು ಅಧ್ಯಕ್ಷ ಮುಬಾರಕ್ ಇಳಿದಾಗ ಅಧಿಕಾರ ಹೋದದ್ದು ಸೇನಾಧಿಕಾರಿಗಳ ಮಂಡಳಿಗೆ. 2013ರ ಜುಲೈ 3ರಂದು, ಚುನಾಯಿತ ಅಧ್ಯಕ್ಷ ಮೊರ್ಸಿಯವರನ್ನು ಸೇನೆಯೇ ಇಳಿಸಿತು. ಸುಡಾನಿನ ಜನ ಇದನ್ನು ನೋಡಿ ಎಚ್ಚೆತ್ತಿದ್ದರು. 2019ರ ಏಪ್ರಿಲ್ 11ರಂದು ಮೂವತ್ತು ವರ್ಷದ ಬಶೀರ್ ಆಡಳಿತ ಬಿದ್ದ ಮೇಲೂ ಅವರು ಖಾರ್ಟೂಮಿನ ಸೇನಾ ಕೇಂದ್ರದ ಮುಂದಿನಿಂದ ಏಳಲಿಲ್ಲ, ನಾಗರಿಕ ಸರ್ಕಾರವೇ ಬೇಕೆಂದು ಕೂತರು. ವೈದ್ಯರು, ವಕೀಲರು, ಶಿಕ್ಷಕರ ಒಕ್ಕೂಟ ಅವರ ಬೆನ್ನಿಗಿತ್ತು. ಜೂನ್ 3ರಂದು ಧರಣಿಯ ಮೇಲೆ ಪಡೆಗಳು ಎರಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದವು. ಆಮೇಲೆ ಸೇನೆಯೊಡನೆ ಅಧಿಕಾರ ಹಂಚಿಕೊಳ್ಳುವ ಒಪ್ಪಂದ, 2021ರಲ್ಲಿ ಮತ್ತೆ ಸೇನಾ ದಂಗೆ, 2023ರ ಏಪ್ರಿಲ್ 15ರಿಂದ ಎರಡು ಸಶಸ್ತ್ರ ಪಡೆಗಳ ನಡುವೆಯೇ ಯುದ್ಧ. ಎಚ್ಚರ ಇದ್ದರೂ ಸಾಲದಾಯಿತು. ಟ್ಯುನೀಸಿಯಾದಲ್ಲಿ ದೊಡ್ಡ ಕಾರ್ಮಿಕ ಸಂಘವೊಂದು ನಡುವೆ ನಿಂತಿದ್ದರಿಂದ ಹತ್ತು ವರ್ಷ ಪ್ರಜಾಪ್ರಭುತ್ವ ಬಾಳಿತು. 2021ರ ಜುಲೈನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತುಗೊಳಿಸಿದರು.

ನಮ್ಮ ನೆರೆಹೊರೆಯೂ ಈ ವಿಷಯದಲ್ಲಿ ಬಡವಾಗಿಲ್ಲ. 2006ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಹತ್ತೊಂಬತ್ತು ದಿನ ಜನ ಕರ್ಫ್ಯೂ ಮುರಿದು ಕಠ್ಮಂಡುವಿನ ರಿಂಗ್ ರೋಡಿನಲ್ಲಿ ನಡೆದರು. ಗೃಹ ಸಚಿವಾಲಯದ ನೌಕರರೇ ಪ್ರತಿಭಟಿಸಿ ಬಂಧನಕ್ಕೊಳಗಾದರು. ಅದರ ಹಿಂದೆ ಏಳು ಪಕ್ಷಗಳ ಮೈತ್ರಿಯೂ ಮಾವೋವಾದಿಗಳೊಡನೆ ಮೊದಲೇ ಆಗಿದ್ದ ತಿಳಿವಳಿಕೆಯೂ ಇದ್ದವು. ಎರಡು ವರ್ಷದಲ್ಲಿ ಅರಸೊತ್ತಿಗೆ ಹೋಯಿತು. 2024ರ ಬಾಂಗ್ಲಾದೇಶವನ್ನು ಅಹಿಂಸೆಯ ಪಟ್ಟಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ. ವಿದ್ಯಾರ್ಥಿಗಳು ಎದ್ದದ್ದು ಬರಿಗೈಯಲ್ಲಿ, ಪಡೆಗಳ ಗುಂಡಿಗೆ ಸತ್ತವರು 1,400ರವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ಅಂದಾಜು. ಆದರೆ ಕೊನೆಕೊನೆಗೆ ಪೊಲೀಸ್ ಠಾಣೆಗಳು ಉರಿದವು, ಪೊಲೀಸರೂ ಸತ್ತರು, ಗೆದ್ದ ಮೇಲೆ ಅಲ್ಪಸಂಖ್ಯಾತರ ಮನೆಗಳ ಮೇಲೆ ದಾಳಿ ನಡೆಯಿತು.

ಶ್ರೀಲಂಕಾ ಬೇರೆಯೇ. 2022ರಲ್ಲಿ ಪೆಟ್ರೋಲಿಲ್ಲ, ಅಡುಗೆ ಅನಿಲವಿಲ್ಲ, ಔಷಧಿಯಿಲ್ಲ. ಏಪ್ರಿಲ್‌ನಲ್ಲಿ ಕೊಲಂಬೊದ ಗಾಲ್ ಫೇಸ್ ಕಡಲತಡಿಯಲ್ಲಿ ಡೇರೆಗಳ ಊರೇ ಎದ್ದಿತು. ಅದಕ್ಕೆ ‘ಗೋಟಾ ಗೋ ಗಾಮ’ ಎಂದು ಹೆಸರು. ಅಲ್ಲಿ ಗ್ರಂಥಾಲಯವಿತ್ತು, ಅಡುಗೆಮನೆಯಿತ್ತು, ಸಿಂಹಳೀಯರು ತಮಿಳರು ಮುಸ್ಲಿಮರು ಒಟ್ಟಿಗೆ ಕೂತು ಉಂಡರು. ಯುದ್ಧ ಗೆದ್ದವರೆಂದು ಮೆರೆದ ಮನೆತನದ ವಿರುದ್ಧ ಹಾಗೆ ಕೂರುವುದೇ ಆ ದೇಶದಲ್ಲಿ ದೊಡ್ಡ ಮಾತು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದಾಗ ಸೈನಿಕರು ಹೆಚ್ಚು ತಡೆಯಲಿಲ್ಲ. ಅಧ್ಯಕ್ಷ ಗೊಟಬಯ ರಾಜಪಕ್ಸ ದೇಶ ಬಿಟ್ಟು, 14ರಂದು ರಾಜೀನಾಮೆ ಕಳಿಸಿದರು. ಕಪ್ಪು ಚುಕ್ಕೆಗಳಿಲ್ಲವೆಂದಲ್ಲ. ಜುಲೈ 9ರಂದೇ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರ ಮನೆಗೆ ಬೆಂಕಿ ಬಿತ್ತು. ಅವರೇ ಸಂಸತ್ತಿನ ಮೂಲಕ ಅಧ್ಯಕ್ಷರಾಗಿ, ಮೊದಲ ಕೆಲಸವೆಂಬಂತೆ ಸೈನ್ಯ ಕಳಿಸಿ ಡೇರೆಗಳನ್ನು ಕೀಳಿಸಿದರು. ಎಷ್ಟೋ ಮಂದಿ ಆಗ ಆಂದೋಲನ ಮುಗಿಯಿತು ಎಂದರು. ಆದರೆ ಯಾವ ಸೇನಾಪತಿಯೂ ಗದ್ದುಗೆ ಏರಲಿಲ್ಲ, ಸಂವಿಧಾನ ಮುರಿಯಲಿಲ್ಲ. 2020ರಲ್ಲಿ ಸಂಸತ್ತಿನಲ್ಲಿ ಬರೀ 3 ಸ್ಥಾನ ಪಡೆದಿದ್ದ ಮೈತ್ರಿಕೂಟದ ಅನುರ ಕುಮಾರ ದಿಸ್ಸನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಕೂಟಕ್ಕೆ 225ರಲ್ಲಿ 159 ಸ್ಥಾನ ಬಂತು. ಡೇರೆ ಕಿತ್ತರೂ ಊರೂರಿನ ಸಂಘಟನೆ ಕೀಳಲಾಗಲಿಲ್ಲ. ಇತ್ತೀಚಿನ ಉದಾಹರಣೆಗಳಲ್ಲಿ ನನಗೆ ಹೆಚ್ಚು ಭರವಸೆ ಕೊಡುವುದು ಇದೇ.

ಭಾರತದಲ್ಲಿ ಬಂದೂಕು ಹಿಡಿದವನಿಗೆ ನೇರವಾಗಿ ಕರೆ ಕೊಟ್ಟವರು ಜಯಪ್ರಕಾಶ ನಾರಾಯಣ್. 1975ರ ಜೂನ್ 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ, ಕಾನೂನಿಗೆ ವಿರುದ್ಧವಾದ ಆಜ್ಞೆಗಳನ್ನು ಪೊಲೀಸರೂ ಸೈನಿಕರೂ ಪಾಲಿಸಬೇಕಿಲ್ಲ ಎಂದರು. ಅದನ್ನೇ ಕಾರಣವಾಗಿ ತೋರಿಸಿ ಸರ್ಕಾರ ಅದೇ ರಾತ್ರಿ ತುರ್ತುಪರಿಸ್ಥಿತಿ ಹೇರಿತು. ಆ ಮಾತು ಎಷ್ಟು ಆಳಕ್ಕೆ ತಟ್ಟುತ್ತದೆಂಬುದು ಆಳುವವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸರ್ಕಾರ ಬದಲಾದದ್ದು ಮಾತ್ರ 1977ರ ಮತಪೆಟ್ಟಿಗೆಯಲ್ಲಿ.

ಬೀದಿಯ ಸತ್ಯಾಗ್ರಹದಿಂದಲೇ ಸರ್ಕಾರ ಬದಲಾದ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ, ನಾವು ಅದನ್ನು ಈ ಸಾಲಿನಲ್ಲಿಟ್ಟು ನೋಡುವುದು ಕಡಿಮೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಮೈಸೂರು ಸಂಸ್ಥಾನದಲ್ಲಿ ಅಧಿಕಾರ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ ಇತ್ತು. ಮಹಾರಾಜ ಜಯಚಾಮರಾಜ ಒಡೆಯರ್ ಭಾರತ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದರು, ಜವಾಬ್ದಾರಿ ಸರ್ಕಾರ ಕೊಟ್ಟಿರಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಮೈಸೂರು ಕಾಂಗ್ರೆಸ್ ‘ಮೈಸೂರು ಚಲೋ’ ಆರಂಭಿಸಿತು. ಅರಮನೆಯ ಮುಂದೆ ಸತ್ಯಾಗ್ರಹ, ಕಾಂಗ್ರೆಸ್ ನಾಯಕ ಕೆ.ಸಿ. ರೆಡ್ಡಿ ಮೊದಲಾದವರ ಬಂಧನ, ಕಾಲೇಜು ಬಿಟ್ಟ ವಿದ್ಯಾರ್ಥಿಗಳು, ಕೆಲಸ ಬಿಟ್ಟ ಕಾರ್ಮಿಕರು, ತುಂಬಿದ ಜೈಲುಗಳು. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು. ಎಚ್.ಎಸ್. ದೊರೆಸ್ವಾಮಿ ತಮ್ಮ ‘ಪೌರವಾಣಿ’ ಪತ್ರಿಕೆಯನ್ನು ಗಡಿಯಾಚೆಯ ಹಿಂದೂಪುರಕ್ಕೆ ಒಯ್ದು ಅಲ್ಲಿಂದ ಹೊರಡಿಸಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿಯ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಕೆಲವೆಡೆ ಗುಂಪುಗಳು ತಾಲ್ಲೂಕು ಕಚೇರಿಗಳನ್ನು ಹಿಡಿದದ್ದೂ ಉಂಟು, ಎಲ್ಲವೂ ಗಾಂಧಿ ಮೆಚ್ಚುವಂತೆ ನಡೆಯಿತೆಂದು ಹೇಳಲಾಗದು. ಅಕ್ಟೋಬರ್ 12ರಂದು ಒಪ್ಪಂದವಾಯಿತು, 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಎರಡೇ ತಿಂಗಳಲ್ಲಿ ಆದದ್ದು ಎಂದು ಕಾಣುತ್ತದೆ, ನಿಜವಾಗಿ ಹತ್ತು ವರ್ಷದ ಕೆಲಸ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಿದವರು, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರು, ಹಳ್ಳಿಹಳ್ಳಿಯಲ್ಲಿ ಕಾಂಗ್ರೆಸ್ ಸಮಿತಿ ಕಟ್ಟಿದವರು ಇದಕ್ಕೆ ನೆಲ ಹದ ಮಾಡಿದ್ದರು. ದೆಹಲಿಯಲ್ಲಿ ಸ್ವತಂತ್ರ ಭಾರತದ ಸರ್ಕಾರವಿತ್ತು, ಅರಮನೆಗೆ ಹೆಚ್ಚು ದಿನ ಹಟ ಹಿಡಿಯುವ ದಾರಿ ಇರಲಿಲ್ಲ. ಮನಿಲಾ ಕೈರೋಗಳಿಗೆ ಹೋಲಿಸಿದರೆ ಇದು ಸುಲಭದ ಹೋರಾಟವೆಂದೇ ಹೇಳಬೇಕು. ಆದರೆ ಇಲ್ಲಿ ಅಧಿಕಾರ ಬಂದದ್ದು ಯಾವ ಸೇನಾಪತಿಯ ಕೃಪೆಯಿಂದಲೂ ಅಲ್ಲ. ಅರಸ ಮತ್ತು ಜನರ ಸಂಘಟನೆ ಎದುರುಬದುರು ಕೂತು ಬರೆದ ಒಪ್ಪಂದದಿಂದ. ಆಮೇಲೆ ಯಾರೂ ಬಾಕಿ ವಸೂಲಿಗೆ ಬರಲಿಲ್ಲ.

ಲೈಪ್‌ಜಿಗ್‌ನ ಆ ಸೋಮವಾರದ ಬಗ್ಗೆ, ಎಡ್ಸಾದ ನಾಲ್ಕು ದಿನಗಳ ಬಗ್ಗೆ ಅಲ್ಲಿ ನಿಂತಿದ್ದವರ ಸಾಕ್ಷ್ಯಗಳು ರಾಶಿರಾಶಿಯಾಗಿ ಸಂಗ್ರಹವಾಗಿವೆ. ಮೈಸೂರು ಚಲೋದಲ್ಲಿ ಹದಿನೆಂಟು ವರ್ಷದವರಾಗಿದ್ದವರಿಗೆ ಈಗ ತೊಂಬತ್ತೈದು ದಾಟಿದೆ. ದೊರೆಸ್ವಾಮಿಯವರು 2021ರಲ್ಲಿ, 103ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಜೈಲಿಗೆ ಹೋದವರ ಮಕ್ಕಳು, ಲಾಠಿ ಹಿಡಿದು ಎದುರು ನಿಂತಿದ್ದ ಪೇದೆಗಳ ಮಕ್ಕಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆ ಪೇದೆಗಳು ಅಂದು ಏನೆಂದುಕೊಂಡರು, ಯಾವಾಗ ಲಾಠಿ ಬೀಸಿದರು, ಯಾವಾಗ ಬೀಸಲಿಲ್ಲ ಎಂಬುದನ್ನು ಕೇಳಿ ಬರೆದಿಟ್ಟವರು ತೀರ ಕಡಿಮೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥವರಿದ್ದರೆ ದಯವಿಟ್ಟು ಈ ವರ್ಷವೇ ಕೂತು ಕೇಳಿ, ಬರೆದಿಡಿ.